ಎಲ್ಲಿಯ ಧೂಳು, ಯಾರ ಹೊಗೆ: ಇರಕಲ್ಲಗಡದ ಮೇಲಿನ ಆಕಾಶವನ್ನು ಓದುವ ಕಣ್ಣುಗಳು

ಇರಕಲ್ಲಗಡದ ಹೊಲವೊಂದರಲ್ಲಿ ಕಣಕಿ ಬಣವಿಗೆ ಬೆಂಕಿ ಬಿತ್ತು ಎಂದಿಟ್ಟುಕೊಳ್ಳಿ. ಹೊತ್ತು ನಡುರಾತ್ರಿ ಒಂದೂವರೆ. ಊರು ಮಲಗಿದೆ, ನಾಯಿಗಳೂ ಸುಮ್ಮನಾಗಿವೆ. ಆದರೆ ಅದೇ ಹೊತ್ತಿಗೆ, ಸುಮಾರು 830 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಉಪಗ್ರಹವೊಂದು ಕೊಪ್ಪಳ ಜಿಲ್ಲೆಯನ್ನು ದಾಟುತ್ತಿರುತ್ತದೆ. ಮೋಡ ಅಡ್ಡ ಬರದಿದ್ದರೆ, ಬೆಂಕಿ ಜೋರಾಗಿದ್ದರೆ, ಅದು ಆ ಬಣವಿಯನ್ನು ಕಂಡುಬಿಡುತ್ತದೆ! ಮೂರು ತಾಸು ಕಳೆಯುವುದರೊಳಗೆ ಅಂತರಜಾಲದ ನಕ್ಷೆಯೊಂದರ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಹೊಲದ ಯಜಮಾನ ಎದ್ದು ಮುಖ ತೊಳೆಯುವ ಮೊದಲೇ ಅಮೆರಿಕದಲ್ಲಿ ಕುಳಿತವರೂ ಅದನ್ನು ನೋಡಬಹುದು.

ಕಾಸು ಕೇಳದ, ಯಾರು ಬೇಕಾದರೂ ತೆರೆದು ನೋಡಬಹುದಾದ ನಕ್ಷೆ ಅದು. ಹೆಸರು ಫರ್ಮ್ಸ್, ನಾಸಾ ನಡೆಸುತ್ತದೆ. ಅದರಲ್ಲಿನ ಒಂದು ಚುಕ್ಕೆಯನ್ನು ಒತ್ತಿ ನೋಡಿ. ಒಂದು ಸಾಲು ತೆರೆದುಕೊಳ್ಳುತ್ತದೆ. ಅಕ್ಷಾಂಶ, ರೇಖಾಂಶ. ದಿನಾಂಕ. ಹೊತ್ತು, ಅದೂ ಗ್ರೀನಿಚ್ ಲೆಕ್ಕದಲ್ಲಿ. ನಮ್ಮ ನಡುರಾತ್ರಿ ಒಂದೂವರೆ ಅಲ್ಲಿ ಹಿಂದಿನ ದಿನದ ರಾತ್ರಿ ಎಂಟು. ಆ ಜಾಗದ ಕಾವು ಎಷ್ಟು ಕೆಲ್ವಿನ್, ಬೆಂಕಿ ಹೊರಸೂಸಿದ ಶಕ್ತಿ ಎಷ್ಟು ಮೆಗಾವ್ಯಾಟ್, ಇದು ನಿಜವಾಗಿ ಬೆಂಕಿಯೇ ಎಂಬ ಭರವಸೆ ಕಡಿಮೆಯೋ, ಸಾಧಾರಣವೋ, ಹೆಚ್ಚೋ. ಕೊನೆಗೆ ಒಂದೇ ಅಕ್ಷರ: ಹಗಲೋ, ರಾತ್ರಿಯೋ. ಒಂದು ಬಣವಿಯ ಪಾಡು ಇಷ್ಟು ಅಂಕಿಗಳಲ್ಲಿ!

ಇದು ಹೇಗೆ ಸಾಧ್ಯ ಎಂದು ಕೇಳಿಕೊಂಡಾಗ ಸಿಕ್ಕ ಉತ್ತರ ನನ್ನನ್ನು ಇನ್ನಷ್ಟು ಬೆರಗುಗೊಳಿಸಿತು. ನಿಮ್ಮ ಹೊಲದ ಮಣ್ಣು, ಬದುವಿನ ಬೇವು, ಕಟ್ಟೆಯ ಕಲ್ಲು, ನಿಮ್ಮ ಮೈ ಎಲ್ಲವೂ ಸದಾ ಬೆಳಕು ಸೂಸುತ್ತಿವೆ. ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು. 27 ಡಿಗ್ರಿ ಸೆಲ್ಸಿಯಸ್ ಇರುವ ನೆಲ ಅತಿ ಹೆಚ್ಚು ಬೆಳಗುವುದು ಸುಮಾರು 10 ಮೈಕ್ರೋಮೀಟರ್ ಅಲೆಯುದ್ದದಲ್ಲಿ. ಏಳುನೂರು ಡಿಗ್ರಿ ದಾಟಿದ ಉರಿ ಬೆಳಗುವುದು ಮೂರು ಮೈಕ್ರೋಮೀಟರಿನ ಆಸುಪಾಸಿನಲ್ಲಿ. ಈಗ ನಾಲ್ಕು ಮೈಕ್ರೋಮೀಟರಿನ ಕಣ್ಣಿನಿಂದ ಎರಡನ್ನೂ ನೋಡಿ. ಅಷ್ಟೇ ಜಾಗದ ತಣ್ಣನೆಯ ನೆಲಕ್ಕಿಂತ ಉರಿ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು ಪ್ರಖರವಾಗಿರುತ್ತದೆ! ಹನ್ನೊಂದು ಮೈಕ್ರೋಮೀಟರಿನಲ್ಲಿ ನೋಡಿದರೆ ಆ ಅಂತರ ಬರೀ ಮೂವತ್ತು ಪಟ್ಟಿನಷ್ಟು. ಉಪಗ್ರಹ ಈ ಎರಡೂ ಕಣ್ಣುಗಳಿಂದ ಒಂದೇ ಚೌಕವನ್ನು ನೋಡಿ ತಾಳೆ ಹಾಕುತ್ತದೆ.

ಆ ಚೌಕ ದೊಡ್ಡದೇ. ಸುವೋಮಿ ಎನ್‌ಪಿಪಿ, ನೋಆ-20, ನೋಆ-21 ಉಪಗ್ರಹಗಳಲ್ಲಿರುವ ವೀರ್ಸ್ ಎಂಬ ಉಪಕರಣಕ್ಕೆ ಒಂದು ಚೌಕವೆಂದರೆ 375 ಮೀಟರ್ ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 35 ಎಕರೆ. ಆದರೆ ಬೆಂಕಿ ನಾಲ್ಕು ಸಾವಿರ ಪಟ್ಟು ಬೆಳಗುವುದರಿಂದ ಆ 35 ಎಕರೆಯಲ್ಲಿ ಗುಂಟೆಯ ಮೂರನೇ ಒಂದು ಭಾಗ ಧಗಧಗಿಸಿದರೂ ಸಾಕು, ಇಡೀ ಚೌಕದ ಬೆಳಕು ಇಮ್ಮಡಿಯಾಗುತ್ತದೆ. ಇದಕ್ಕಿಂತ ಹಳೆಯ ಮೋಡಿಸ್ ಉಪಕರಣದ ಚೌಕ ಒಂದು ಕಿಲೋಮೀಟರಿನದು. ಎಲ್ಲವೂ ಅನುಕೂಲವಾಗಿದ್ದರೆ ಅದೂ 50 ಚದರ ಮೀಟರಿನ ಉರಿಯನ್ನು ಹಿಡಿಯಬಲ್ಲದು. ಮೋಡಿಸ್ ಹೊತ್ತ ಟೆರಾ ಮೇಲೇರಿದ್ದು 1999ರಲ್ಲಿ, ಆಕ್ವಾ 2002ರಲ್ಲಿ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಈ ಚುಕ್ಕೆಗಳನ್ನು ಬಳಸಿ ಕಾಡ್ಗಿಚ್ಚಿನ ಸುಳಿವು ಕೊಡುತ್ತಿದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಶಾದ್‌ನಗರದ ಆಂಟೆನಾಗಳಲ್ಲಿ ಉಪಗ್ರಹದ ದತ್ತಾಂಶವನ್ನು ನೇರವಾಗಿ ಇಳಿಸಿಕೊಳ್ಳುತ್ತದೆ. ಅರಣ್ಯ ಇಲಾಖೆಯವರ ಮೊಬೈಲಿಗೆ ಸಂದೇಶ ಬರುತ್ತದೆ. ಹೆಸರು ನೋಂದಾಯಿಸಿದರೆ ನಿಮಗೂ ಬರುತ್ತದೆ.

2019ರ ಫೆಬ್ರುವರಿ ನೆನಪಿದೆಯೇ? ಬಂಡೀಪುರ ಹೊತ್ತಿ ಉರಿದ ದಿನಗಳು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಲಂಟಾನ, ಒಣಹುಲ್ಲು, ಬಿದಿರು. ಗಾಳಿ ಬೀಸಿದ ಕಡೆಗೆಲ್ಲ ಬೆಂಕಿ ಹಾರಿತು. ಸಿಬ್ಬಂದಿ, ಸ್ವಯಂಸೇವಕರು ಹಸಿರು ಸೊಪ್ಪು ಹಿಡಿದು ಬಡಿದು ಬಡಿದು ಸುಸ್ತಾದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ಟಿನಲ್ಲಿ ನೀರು ಹೊತ್ತು ಸುರಿದವು. ಎಷ್ಟು ಕಾಡು ಹೋಯಿತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಆಗ ಉಪಗ್ರಹದ ಚಿತ್ರ ಅಳೆದು ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕೊಟ್ಟ ಲೆಕ್ಕ 10,920 ಎಕರೆ. ಅಳೆಯುವ ಉಪಾಯ ಸೊಗಸಾದದ್ದು. ಹಸಿ ಎಲೆ ನಮ್ಮ ಕಣ್ಣಿಗೆ ಹಸಿರು ತೋರುತ್ತದೆ ನಿಜ. ಆದರೆ ಅದು ಹಸಿರಿಗಿಂತ ಹಲವು ಪಟ್ಟು ಹೆಚ್ಚಾಗಿ ಹೊರಕ್ಕೆ ಎಸೆಯುವುದು ಸಮೀಪದ ಅವಕೆಂಪು ಬೆಳಕನ್ನು. ಸುಟ್ಟ ನೆಲ ಇದಕ್ಕೆ ತದ್ವಿರುದ್ಧ: ಸಮೀಪದ ಅವಕೆಂಪು ಕುಗ್ಗುತ್ತದೆ, ಅದಕ್ಕೂ ಉದ್ದನೆಯ ಅಲೆಯ ಬೆಳಕು ಹಿಗ್ಗುತ್ತದೆ. ಬೆಂಕಿಗೆ ಮುಂಚಿನ ಚಿತ್ರದಿಂದ ಬೆಂಕಿಯ ನಂತರದ ಚಿತ್ರವನ್ನು ಕಳೆದರೆ ಸುಟ್ಟ ಗಾಯ ಅಂಚು ಸಮೇತ ಎದ್ದು ಕಾಣುತ್ತದೆ. ಹೊಗೆ ಆರಿ ತಿಂಗಳಾದರೂ ಆ ಗುರುತು ಅಳಿಯುವುದಿಲ್ಲ.

ಇರಲಿ, ನಮ್ಮ ಕಡೆಗೆ ಬರೋಣ. ಸುಗ್ಗಿಯ ದಿನಗಳಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ಮೊಬೈಲಿನಲ್ಲಿ ಈ ನಕ್ಷೆ ತೋರಿಸಿದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಇದೇನೋ ತಮ್ಮಾ, ದಿನಾ ಒಂದ ಜಾಗಾಕ ಉರಿ ಹತ್ತೇತಿ?”

“ಅದು ತೋರಣಗಲ್ಲ ಕಡೀದು ಅಜ್ಜಾ. ಉಕ್ಕಿನ ಕುಲುಮಿ. ಅದು ಆರೂದ ಇಲ್ಲ.”

“ಇವು? ಇಷ್ಟೊಂದು ಚುಕ್ಕಿ?”

“ಗಂಗಾವತಿ, ಕಾರಟಗಿ, ಸಿಂಧನೂರು ಕಡಿ ನೆಲ್ಲಿನ ಗದ್ದಿ. ಮಷೀನಿನ್ಯಾಗ ಕಟಾವ್ ಮಾಡ್ಯಾರ, ಕೂಳಿ ಸುಡಾಕತ್ಯಾರ.”

“ನಮ್ಮೂರಾಗ ಚುಕ್ಕಿ ಇಲ್ಲಲ್ಲ. ಚಲೋ ಆತು. ಆದ್ರ ಆ ಹೊಗಿ ನಮ್ಮ ಕಡೀಗೇ ಬರತೈತಲ್ಲೋ. ಅದನ್ನ ತೋರಸು ನೋಡೂಣು.”

ವಿಜ್ಞಾನಿಗಳು ದಶಕಗಳ ಕಾಲ ತಲೆಕೆಡಿಸಿಕೊಂಡ ಪ್ರಶ್ನೆಯನ್ನು ಅವರು ಒಂದೇ ಉಸಿರಿನಲ್ಲಿ ಕೇಳಿಬಿಟ್ಟರು! ಬೆಂಕಿ ಒಂದು ಚುಕ್ಕೆ, ನಿಂತಲ್ಲೇ ನಿಲ್ಲುತ್ತದೆ. ಹೊಗೆ ಹಾಗಲ್ಲ. ಅದು ತಾಲ್ಲೂಕು ದಾಟುತ್ತದೆ, ರಾಜ್ಯ ದಾಟುತ್ತದೆ, ಸಮುದ್ರ ದಾಟುತ್ತದೆ. ಹಿಂಗಾರಿನ ದಿನಗಳಲ್ಲಿ ಗಾಳಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ನೀರುಣಿಸುವ ಆ ಗದ್ದೆಗಳೆಲ್ಲ ಇರಕಲ್ಲಗಡಕ್ಕೆ ಮೂಡಣದ ದಿಕ್ಕಿನಲ್ಲೇ ಇವೆ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ, ಮೇಲೆ ಬೆಚ್ಚನೆಯ ಪದರ ಮುಚ್ಚಿರುತ್ತದೆ. ಹೊಗೆ ಮೇಲಕ್ಕೆ ಏಳಲಾರದೆ ಗುಡ್ಡದ ಸಂದಿನಲ್ಲಿ ಹರಡಿಕೊಳ್ಳುತ್ತದೆ. ಅಜ್ಜನ ಮೂಗು ಹೇಳಿದ್ದು ಖರೇ.

ಹೊಗೆಯ ಕಣಗಳು ಎಷ್ಟು ಸಣ್ಣವೆಂದರೆ ಒಂದು ಮೈಕ್ರೋಮೀಟರಿಗೂ ಕಡಿಮೆ. ಅಷ್ಟು ಸಣ್ಣ ಕಣ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಹಾಗಾಗಿ ಮೇಲಿನಿಂದ ಹೊಗೆ ನಸುನೀಲಿ ಬೂದಿಯಾಗಿ ಕಾಣುತ್ತದೆ. ಕಪ್ಪು ಕಾಡಿನ ಮೇಲೆ, ಸಮುದ್ರದ ಮೇಲೆ ಇದು ಸುಲಭವಾಗಿ ಎದ್ದು ತೋರುತ್ತದೆ. ಆದರೆ ನಮ್ಮ ಮಸಾರಿ ಹೊಲಗಳ ಮೇಲೆ, ಬೆಳ್ಳನೆಯ ಬಂಡೆಗಲ್ಲಿನ ಮೇಲೆ? ನೆಲವೇ ಹೊಳೆಯುವಾಗ ಅದರ ಮೇಲಿನ ತೆಳು ಹೊಗೆಯನ್ನು ಹೇಗೆ ಬೇರ್ಪಡಿಸುವುದು?

ಇದಕ್ಕೆ ಉತ್ತರ ಸಿಕ್ಕ ಬಗೆ ವಿಜ್ಞಾನದ ಅತಿ ಸುಂದರ ಕಥೆಗಳಲ್ಲಿ ಒಂದು ಎಂಬುದು ನನ್ನ ಭಾವನೆ. 1978ರಲ್ಲಿ ನಿಂಬಸ್-7 ಎಂಬ ಉಪಗ್ರಹ ಮೇಲೇರಿತು. ಅದರಲ್ಲಿ ಟಾಮ್ಸ್ ಎಂಬ ಉಪಕರಣ. ಕೆಲಸ ಓಝೋನ್ ಅಳೆಯುವುದು. ಅದಕ್ಕಾಗಿ ಅದು ನೇರಳಾತೀತ ಬೆಳಕನ್ನು ನೋಡುತ್ತಿತ್ತು. ಲೆಕ್ಕ ಹಾಕುವಾಗ ಕೆಲವು ಕಡೆ ತಾಳೆ ಬೀಳದ ಶೇಷ ಉಳಿಯುತ್ತಿತ್ತು. ಆ ಶೇಷವನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಅಲ್ಲಿ ಸಹಾರಾದ ಧೂಳು! ಅಮೆಜಾನಿನ ಹೊಗೆ! ನೇರಳಾತೀತದಲ್ಲಿ ಗಾಳಿ ತಾನೇ ಬೆಳಗುತ್ತದೆ, ನೆಲ ಬಹುಪಾಲು ಕಡೆ ಕಪ್ಪಾಗಿರುತ್ತದೆ. ನಡುವೆ ಹೊಗೆಯೋ ಧೂಳೋ ಬಂದರೆ ಕೆಳಗಿನ ಗಾಳಿಯ ಬೆಳಕನ್ನು ಅದು ನುಂಗುತ್ತದೆ. ಬೆಳಕು ಎಲ್ಲಿ ಕಡಿಮೆಯಾಯಿತೋ ಅಲ್ಲಿ ಏನೋ ತೇಲುತ್ತಿದೆ ಎಂದರ್ಥ. ಜೇ ಹರ್ಮನ್, ಒಮರ್ ಟೊರೆಸ್, ಕ್ರಿಸ್ಟಿನಾ ಹ್ಸು, ಪವನ್ ಭಾರ್ತಿಯಾ ಮೊದಲಾದವರು 1990ರ ದಶಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಓಝೋನ್ ಲೆಕ್ಕದಲ್ಲಿ ಬೇಡವೆಂದು ಬದಿಗಿಟ್ಟಿದ್ದ ಶೇಷದೊಳಗೆ ಇಡೀ ಭೂಮಿಯ ಧೂಳು ಹೊಗೆಯ ಇತಿಹಾಸ ಅಡಗಿ ಕುಳಿತಿತ್ತು. ಆ ಹಾದಿಯಲ್ಲೇ ಇವತ್ತು ಯುರೋಪಿನ ಸೆಂಟಿನೆಲ್-5ಪಿ ದಿನವೂ ಈ ನಕ್ಷೆ ಬಿಡಿಸುತ್ತದೆ.

ಹೊಗೆಯ ಸಾಕ್ಷಿ ಎಷ್ಟು ಗಟ್ಟಿ ಎಂಬುದಕ್ಕೆ ಪಂಜಾಬಿನ ಕಥೆ ಕೇಳಿ. ಅಲ್ಲಿ ಅಕ್ಟೋಬರ್-ನವೆಂಬರಿನಲ್ಲಿ ಭತ್ತದ ಕೂಳೆ ಸುಡುವುದು, ದಿಲ್ಲಿ ಉಸಿರುಗಟ್ಟುವುದು ಎಲ್ಲರಿಗೂ ಗೊತ್ತಿದ್ದದ್ದೇ. ಈಚಿನ ವರ್ಷಗಳಲ್ಲಿ ಉಪಗ್ರಹದ ಚುಕ್ಕೆಗಳು ಇಳಿಯುತ್ತ ಬಂದವು. ಸುಡುವುದು ಕಡಿಮೆಯಾಯಿತು ಎಂದು ಸಂತೋಷಪಡುವ ಹೊತ್ತಿಗೆ ನಾಸಾದಲ್ಲಿ ಕೆಲಸ ಮಾಡುವ ವಿಜ್ಞಾನಿ ಹಿರೇನ್ ಜೇಠ್ವಾ ಬೇರೊಂದು ಸಂಗತಿ ಗಮನಿಸಿದರು. ಚುಕ್ಕೆ ಇಳಿದಿದೆ, ಗಾಳಿಯಲ್ಲಿನ ಹೊಗೆ ಮಾತ್ರ ಅದಕ್ಕೆ ತಕ್ಕಂತೆ ಇಳಿದಿಲ್ಲ! ಬೆಂಕಿ ಕಾಣುವ ಉಪಗ್ರಹಗಳು ಹಗಲಿನಲ್ಲಿ ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ. ಅವರು ಕೊರಿಯಾದ ಜಿಯೋ-ಕಾಂಪ್‌ಸ್ಯಾಟ್-2ಎ ಉಪಗ್ರಹದ ಚಿತ್ರಗಳನ್ನು ತೆಗೆದು ನೋಡಿದರು. ಅದು ಒಂದೇ ಕಡೆ ನಿಂತು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಲೇ ಇರುತ್ತದೆ. ಬೆಂಕಿಯ ಹೊತ್ತು ಸರಿದು ಮಧ್ಯಾಹ್ನದ ಇಳಿಹೊತ್ತಿಗೆ ಹೋಗಿತ್ತು. ಒಂದೂವರೆಯ ಕಣ್ಣು ದಾಟಿ ಹೋದ ಮೇಲೆ ಗದ್ದೆಗಳು ಉರಿಯುತ್ತಿದ್ದವು. ಚುಕ್ಕೆ ತಪ್ಪಿಸಿಕೊಳ್ಳಬಹುದು, ಹೊಗೆಗೆ ಅದು ಸಾಧ್ಯವಾಗಲಿಲ್ಲ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಚುಕ್ಕೆ ಎಣಿಸುವವರೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಎಣಿಸಬೇಕು.

ಇಷ್ಟಾದರೂ ನಾನು ಹೇಳಬೇಕೆಂದಿರುವ ದೊಡ್ಡ ಸಂಗತಿ ಇನ್ನೂ ಬಂದಿಲ್ಲ. ಅದು ಧೂಳಿನದು.

ರೋಹಿಣಿ ಮುಗಿದು ಮಿರಗ ಹಿಡಿಯುವ ದಿನಗಳಲ್ಲಿ ನಮ್ಮ ಕಡೆ ಆಕಾಶ ಹೇಗಿರುತ್ತದೆ ನೋಡಿದ್ದೀರಲ್ಲ. ಪಡುವಣದಿಂದ ಗಾಳಿ ಹೋ ಎಂದು ಬೀಸುತ್ತದೆ. ಕುಷ್ಟಗಿ, ಯಲಬುರ್ಗಾ ಬಯಲಿನಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ಒಂದೇ ಸಮನೆ ತಿರುಗುತ್ತವೆ. ಮೋಡ ಓಡುತ್ತವೆ, ಮಳೆ ಸುರಿಸುವುದಿಲ್ಲ. ಮೋಡವಿಲ್ಲದ ಕಡೆ ಆಕಾಶ ತಿಳಿನೀಲಿ ಇರದೆ ಬೆಳ್ಳಗೆ, ಮಬ್ಬಾಗಿ ಇರುತ್ತದೆ. ಬಿತ್ತನೆಗೆ ಹದ ಕಾಯುತ್ತ ಕುಳಿತ ರೈತ ಆ ಗಾಳಿಗೆ ಶಾಪ ಹಾಕುತ್ತಾನೆ. ಹೊಲದ ಮೇಲ್ಮಣ್ಣನ್ನು ಎತ್ತಿಕೊಂಡು ಹೋಗುವ ಗಾಳಿ ಅದು. ಆ ಮಬ್ಬಿನಲ್ಲಿ ನಮ್ಮ ಮಣ್ಣೂ ಇದೆ, ನಿಜ. ಆದರೆ ನಮ್ಮದು ಮಾತ್ರ ಅಲ್ಲ. ಅರೇಬಿಯಾದ ಮರಳೂ ಇದೆ!

ಜೂನ್, ಜುಲೈನ ಒಂದು ದಿನ ನಾಸಾದ ವರ್ಲ್ಡ್‌ವ್ಯೂ ತಾಣ ತೆರೆದು ಅರಬ್ಬಿ ಸಮುದ್ರದ ಮೇಲೆ ನಿಲ್ಲಿಸಿ. ಓಮಾನ್, ಯೆಮನ್ ಕರಾವಳಿಯಿಂದ ಕಂದು ಹಾಳೆಗಳು ಸಮುದ್ರದ ಮೇಲೆ ಹರಡಿರುತ್ತವೆ. ಇರಾಕಿನ ಬಯಲಿನಿಂದ ಶಮಾಲ್ ಗಾಳಿ ಎತ್ತಿದ ಧೂಳು ಒಂದು, ಅರೇಬಿಯಾದ ಮಹಾಮರುಭೂಮಿಯ ಧೂಳು ಇನ್ನೊಂದು, ಆಫ್ರಿಕಾದ ಕೊಂಬಿನಿಂದ ಬಂದದ್ದು ಮತ್ತೊಂದು. ಸಮುದ್ರದ ಕಡುನೀಲಿಯ ಮೇಲೆ ಆ ಹಳದಿಗಂದು ಎಷ್ಟು ಸ್ಪಷ್ಟ! ಅದನ್ನು ನಮ್ಮ ಕಡೆಗೆ ತಳ್ಳುವ ಗಾಳಿ ಯಾವುದು ಗೊತ್ತೇ? ಮುಂಗಾರು ಗಾಳಿಯೇ. ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಸೊಮಾಲಿಯಾದ ಕರೆಯಿಂದ ಹೊರಟು ನಮ್ಮ ಪರ್ಯಾಯ ದ್ವೀಪದ ಮೇಲೆ ಹರಿಯುವ ಗಾಳಿಯ ಹೊಳೆ ಅದು. ದಕ್ಷಿಣ ಭಾರತದ ಮೇಲೆ ಇಂಥದೊಂದು ಪಡುವಣ ಹೊಳೆ ಇದೆ ಎಂದು 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ತೋರಿಸಿದರು, ಮೂರು ವರ್ಷದ ನಂತರ ಜಾನ್ ಫಿಂಡ್ಲೇಟರ್ ಆಫ್ರಿಕಾ ಕಡೆಯ ಅದರ ತುದಿಯನ್ನು ಹಿಡಿದರು. ಸೆಕೆಂಡಿಗೆ 15 ಮೀಟರ್ ವೇಗವೆಂದು ಹಿಡಿದರೂ ದಿನಕ್ಕೆ 1,300 ಕಿಲೋಮೀಟರ್. ಸೊಮಾಲಿಯಾದ ಕರಾವಳಿಯಿಂದ ಕೊಪ್ಪಳಕ್ಕೆ ಎರಡೂವರೆ ದಿನವೂ ಬೇಡ! ಇವತ್ತು ನಿಮ್ಮ ತಲೆಯ ಮೇಲೆ ಹಾದುಹೋದ ಗಾಳಿ ಮೊನ್ನೆ ಆಫ್ರಿಕಾದ ಅಂಚಿನಲ್ಲಿತ್ತು.

ಇದನ್ನು ಯಾರ ಮಾತಿನ ಮೇಲೂ ನಂಬಬೇಕಿಲ್ಲ. ಹೈಸ್ಪ್ಲಿಟ್ ಎಂಬ ಲೆಕ್ಕದ ತಂತ್ರವನ್ನು ಅಮೆರಿಕದ ನೋಆ ಸಂಸ್ಥೆ ಎಲ್ಲರಿಗೂ ಬಿಟ್ಟಿದೆ. ಇರಕಲ್ಲಗಡದ ಅಕ್ಷಾಂಶ ರೇಖಾಂಶ ಬರೆಯಿರಿ, 1,500 ಮೀಟರ್ ಎತ್ತರ ಎನ್ನಿ, ಐದು ದಿನ ಹಿಂದಕ್ಕೆ ಹೋಗು ಎನ್ನಿ. ಗಾಳಿ ಬಂದ ಹಾದಿಯನ್ನು ಅದು ಗೆರೆ ಎಳೆದು ತೋರಿಸುತ್ತದೆ. ಜುಲೈನ ಗೆರೆ ಸಮುದ್ರಕ್ಕೆ ಇಳಿಯುತ್ತದೆ, ಡಿಸೆಂಬರಿನ ಗೆರೆ ಮೂಡಣಕ್ಕೆ ತಿರುಗುತ್ತದೆ.

ಧೂಳು ಹಗಲಿನಲ್ಲಿ ಕಾಣುತ್ತದೆ ಸರಿ, ರಾತ್ರಿ ಹೇಗೆ? ಇಲ್ಲೊಂದು ಅಚ್ಚರಿ. ಧೂಳೆಂದರೆ ಬಹುಪಾಲು ಸಿಲಿಕೇಟ್, ಅಂದರೆ ಪುಡಿಯಾದ ಕಲ್ಲು. ಅದು 11 ಮೈಕ್ರೋಮೀಟರಿನ ಶಾಖವನ್ನು 12ಕ್ಕಿಂತ ಹೆಚ್ಚು ತಡೆಯುತ್ತದೆ. ಮಂಜುಗಡ್ಡೆಯ ತೆಳು ಮೋಡ ಇದಕ್ಕೆ ಉಲ್ಟಾ. ಎರಡೂ ಕಿಟಕಿಯಿಂದ ನೋಡಿ ಒಂದರಿಂದ ಒಂದನ್ನು ಕಳೆದರೆ ಉತ್ತರದ ಚಿಹ್ನೆಯೇ ಹೇಳಿಬಿಡುತ್ತದೆ: ಇದು ಮೋಡ, ಇದು ಧೂಳು. ಬರೀ ಕೂಡು-ಕಳೆಯ ಲೆಕ್ಕ! ಆ ಎರಡು ಕಿಟಕಿ ನಮ್ಮದೇ ಇನ್ಸ್ಯಾಟ್-3ಡಿಆರ್‌ನಲ್ಲೂ ಇವೆ. 2016ರಲ್ಲಿ ಮೇಲೇರಿದ ಅದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಹೆಚ್ಚುಕಡಿಮೆ ಬೆಳಗಾವಿಯ ನೇರಕ್ಕೆ ದಕ್ಷಿಣದಲ್ಲಿ, ಭೂಮಧ್ಯರೇಖೆಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಇರಕಲ್ಲಗಡದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿ, ತುಸು ಪಡುವಣಕ್ಕೆ ತಿರುಗಿ, ಕತ್ತನ್ನು ಎಪ್ಪತ್ತು ಡಿಗ್ರಿ ಮೇಲಕ್ಕೆತ್ತಿದರೆ ನೀವು ಅದರತ್ತಲೇ ನೋಡುತ್ತಿರುತ್ತೀರಿ. ಹಗಲೂ ರಾತ್ರಿಯೂ ಅದು ಅಲ್ಲಿಂದ ಕದಲುವುದಿಲ್ಲ. ಅದನ್ನು ಅಲ್ಲೇ ಹಿಡಿದು ನಿಲ್ಲಿಸುವ ಕೆಲಸ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ್ದು. ಆ ಉಪಗ್ರಹವನ್ನು ಕಟ್ಟಿದ ಬೆಂಗಳೂರಿನ ಕೇಂದ್ರಕ್ಕೆ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಹೆಸರಿದೆ. ಅರೇಬಿಯಾದ ಧೂಳನ್ನು ಅರ್ಧ ಗಂಟೆಗೊಮ್ಮೆ ಎಣಿಸುವ ಕಣ್ಣಿನ ಲಗಾಮು ನಮ್ಮ ಹಾಸನದಲ್ಲಿದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲವಲ್ಲ!

ಈಗ ಕೇಳಿ, ಮುಖ್ಯವಾದ ಮಾತು. ಈ ಧೂಳು ಮಳೆಯನ್ನು ಕರೆಯುತ್ತದೆ.

2014ರಲ್ಲಿ ಭುವನೇಶ್ವರದ ಐಐಟಿಯ ವಿ. ವಿನೋಜ್ ಮತ್ತು ಸಂಗಡಿಗರು ನೇಚರ್ ಜಿಯೋಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಪಗ್ರಹಗಳು ಅಳೆದ ಪಶ್ಚಿಮ ಏಷ್ಯಾದ ಧೂಳನ್ನೂ ಭಾರತದ ಮಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅರಬ್ಬಿ ಸಮುದ್ರ, ಪಶ್ಚಿಮ ಏಷ್ಯಾದ ಮೇಲೆ ಧೂಳು ಹೆಚ್ಚಾದಾಗ ಒಂದು ವಾರದ ಆಸುಪಾಸಿನಲ್ಲೇ ಮಧ್ಯ ಭಾರತದಲ್ಲಿ ಮಳೆ ಹೆಚ್ಚುತ್ತಿತ್ತು! ಕಾರಣ ಏನು? ಧೂಳು ಬಿಸಿಲನ್ನು ಹೀರುತ್ತದೆ, ಸುತ್ತಲಿನ ಗಾಳಿ ಕಾಯುತ್ತದೆ, ಕಾದ ಗಾಳಿ ಮೇಲೇಳುತ್ತದೆ. ಒಲೆ ಹೊತ್ತಿದಾಗ ಹೊಗೆಗೂಡು ಅಡುಗೆಮನೆಯ ಗಾಳಿಯನ್ನೆಲ್ಲ ಎಳೆದುಕೊಳ್ಳುವಂತೆ, ಆ ಏಳುವ ಗಾಳಿ ಸಮುದ್ರದ ಒದ್ದೆ ಗಾಳಿಯನ್ನು ಎಳೆದು ನಮ್ಮ ನೆಲದತ್ತ ನೂಕುತ್ತದೆ. ಆ ಲೆಕ್ಕ ಮಧ್ಯ ಭಾರತದ್ದು, ಮಳೆನೆರಳಿನ ಕೊಪ್ಪಳದ್ದಲ್ಲ. ಆದರೂ ಮಬ್ಬು ಆಕಾಶ ನೋಡಿ ನಿಟ್ಟುಸಿರು ಬಿಡುವ ನಮಗೆ ಈ ವಿಷಯ ಎಂಥ ಹೊಸ ಕಣ್ಣು ಕೊಡುತ್ತದೆ! ಇರಾಕಿನ ಬಯಲಿನಲ್ಲಿ ಎದ್ದ ಸುಂಟರಗಾಳಿಗೂ ನಮ್ಮ ದೇಶದ ಒಬ್ಬ ರೈತನ ಕೂರಿಗೆಗೂ ನಂಟು ಇದೆ.

ಧೂಳಿನ ಇಂಥ ಉಪಕಾರ ಬೇರೆಡೆಯೂ ಇದೆ. ಆಫ್ರಿಕಾದ ಚಾಡ್ ದೇಶದಲ್ಲಿ ಬೊಡೆಲೆ ಎಂಬ ಬತ್ತಿದ ಕೆರೆಯಂಗಳ. ಅಲ್ಲಿಯ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ಬೀಳುತ್ತದೆ. ಲೇಸರ್ ಬೆಳಕಿನಿಂದ ಗಾಳಿಯನ್ನು ಪದರ ಪದರವಾಗಿ ಸೀಳಿ ನೋಡುತ್ತಿದ್ದ ಕ್ಯಾಲಿಪ್ಸೊ ಉಪಗ್ರಹದ 2007ರಿಂದ 2013ರವರೆಗಿನ ಅಳತೆಯ ಪ್ರಕಾರ, ವರ್ಷಕ್ಕೆ ಸುಮಾರು 2.77 ಕೋಟಿ ಟನ್ ಸಹಾರಾ ಧೂಳು ಅಮೆಜಾನ್ ಮೇಲೆ ಇಳಿಯುತ್ತದೆ. ಅದರೊಳಗೆ 22,000 ಟನ್ ರಂಜಕ. ಮಳೆಗೆ ತೊಳೆದುಹೋದ ಸಾರವನ್ನು ಮರುಭೂಮಿಯೇ ಗೊಬ್ಬರವಾಗಿ ತಂದು ತುಂಬುತ್ತಿದೆ.

ಹೊಗೆಯೂ ಹೀಗೆ ದೇಶಾಂತರ ಹೋಗುತ್ತದೆ. ಆಸ್ಟ್ರೇಲಿಯಾ 2019-20ರಲ್ಲಿ ಉರಿದಾಗ ಬೆಂಕಿಯೇ ಗುಡುಗು ಮೋಡ ಕಟ್ಟಿತು. ಸುಮಾರು ಸಾವಿರ ಕಿಲೋಮೀಟರ್ ಅಗಲದ ಹೊಗೆಯ ಸುಳಿ 35 ಕಿಲೋಮೀಟರ್ ಎತ್ತರಕ್ಕೆ ಏರಿತು. 2023ರ ಜೂನಿನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಯಾರ್ಕ್, ನ್ಯೂಜೆರ್ಸಿಗಳ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಅಲ್ಲಿರುವ ನಮ್ಮ ಕನ್ನಡ ಮನೆಗಳೂ ಕಿಟಕಿ ಮುಚ್ಚಿ ಕುಳಿತವು. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಕೆಂಪು ಸಮುದ್ರ, ಅರೇಬಿಯಾ ದಾಟಿ ಮರುದಿನವೇ ಗುಜರಾತ್, ರಾಜಸ್ಥಾನ, ದಿಲ್ಲಿಗಳ ಆಕಾಶದಲ್ಲಿತ್ತು. ವಿಮಾನಗಳು ದಾರಿ ಬದಲಿಸಿದವು. ಆ ಬೂದಿ ಎಲ್ಲಿದೆ ಎಂದು ಗಂಟೆಗಂಟೆಗೆ ಹೇಳಿದ್ದು ಧೂಳನ್ನು ಗುರುತಿಸುವ ಅದೇ ಅವಕೆಂಪು ಕಿಟಕಿಗಳು.

ಉಪಗ್ರಹವೇ ಇಲ್ಲದ ಕಾಲದಲ್ಲಿ? 1883ರ ಆಗಸ್ಟ್ ಕೊನೆಯಲ್ಲಿ ಕ್ರಕಟೋವ ಸಿಡಿಯಿತು. ಸೆಪ್ಟೆಂಬರಿನಲ್ಲಿ ಮದರಾಸಿನ ಜನ ಹಸಿರು ಸೂರ್ಯನನ್ನು ಕಂಡರು! ಅಲ್ಲಿದ್ದ ಮಿಚಿ ಸ್ಮಿತ್ ಎಂಬ ಪ್ರಾಧ್ಯಾಪಕ ಆ ಹಸಿರನ್ನು ಬೆಳಕುದರ್ಶಕದಲ್ಲಿ ನೋಡಿ ಬರೆದಿಟ್ಟರು. ಹೊನೊಲುಲುವಿನಲ್ಲಿ ಸೆರೆನೊ ಬಿಷಪ್ ಎಂಬ ಪಾದ್ರಿ ಸೂರ್ಯನ ಸುತ್ತ ಮಾಸಲು ಉಂಗುರ ಕಂಡರು. ಹಡಗಿನವರು, ಪಾದ್ರಿಗಳು, ವೀಕ್ಷಣಾಲಯದವರು ಬರೆದ ಪತ್ರಗಳನ್ನೆಲ್ಲ ಕೂಡಿಸಿ ಲಂಡನ್ನಿನ ರಾಯಲ್ ಸೊಸೈಟಿ ಐದು ವರ್ಷದ ನಂತರ ವರದಿ ತಂದಿತು: ಆ ಬೂದಿ ಮಬ್ಬು ಸುಮಾರು ಎರಡು ವಾರದಲ್ಲಿ ಭೂಮಿಯನ್ನು ಸುತ್ತಿ ಬಂದಿತ್ತು. ಐದು ವರ್ಷದ ಪತ್ರವ್ಯವಹಾರದ ಆ ಕೆಲಸ ಇವತ್ತು ಒಂದು ಚಹಾ ಕುಡಿಯುವ ಹೊತ್ತಿನದು.

ಇಷ್ಟೆಲ್ಲ ಕಾಣುವ ಕಣ್ಣಿಗೂ ಒಂದು ಮಿತಿ ಇದೆ, ಅದು ನಮ್ಮ ಜಿಲ್ಲೆಗೆ ಬಲು ಮುಖ್ಯವಾದದ್ದು. ಮೇಲಿನಿಂದ ನೋಡುವ ಉಪಗ್ರಹ ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು ಒಟ್ಟಾಗಿ ನೋಡುತ್ತದೆ. ಆ ಧೂಳು ಮೂರು ಕಿಲೋಮೀಟರ್ ಎತ್ತರದಲ್ಲಿ ಯಾರಿಗೂ ತೊಂದರೆ ಕೊಡದೆ ಹೋಗುತ್ತಿದೆಯೋ, ಇಲ್ಲವೇ ಕಾರ್ಖಾನೆಗಳ ನೆರೆಯ ಗಿಣಿಗೇರಿಯ ಮಗುವೊಂದರ ಮೂಗಿನ ಮುಂದೆಯೇ ಇದೆಯೋ ಎಂದು ಅದೊಂದರಿಂದಲೇ ಹೇಳಲಾಗದು. ಗಿಣಿಗೇರಿ, ಹಿರೇಬಗನಾಳ ಸುತ್ತಿನ ಊರುಗಳಲ್ಲಿ ಬೆಳೆಯ ಎಲೆಯ ಮೇಲೆ ಕಪ್ಪು ಧೂಳು ಕೂರುತ್ತದೆ ಎಂದು ಜನ ವರ್ಷಗಳಿಂದ ಹೇಳುತ್ತಿದ್ದಾರೆ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಇಡೀ ಕೊಪ್ಪಳ ಬಂದ್ ಆಯಿತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಜನರ ಮುಂದೆ ನಿಂತು ಉಸಿರಿನ ಮಾತಾಡಿದರು. ಆ ಮಾತಿಗೆ ಅಂಕಿಗಳ ಬಲ ಸಿಗಬೇಕು ಎಂಬುದು ನನ್ನ ಆಸೆ. ನಮ್ಮ ದೇಶದ ಮಾನದಂಡದ ಪ್ರಕಾರ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು 24 ತಾಸಿನ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ, 15. ಇದನ್ನು ಅಳೆಯಲು ನೆಲದ ಮೇಲೆ ಯಂತ್ರ ಬೇಕೇ ಬೇಕು.

ಕರ್ನಾಟಕಕ್ಕೆ ಇದು ಅಸಾಧ್ಯವೇ? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೂ ತಾನಾಗಿಯೇ ಸುದ್ದಿ ಕಳಿಸುವ ಮಳೆಮಾಪಕ ನೆಟ್ಟಿದೆ. ಇರಕಲ್ಲಗಡ ಹೋಬಳಿಯ ಮಳೆ ಎಷ್ಟು ಬಿತ್ತೆಂದು ಬೆಂಗಳೂರಿಗೆ ಗೊತ್ತಾಗುತ್ತದೆ. ಅದೇ ಬೇಲಿಯೊಳಗೆ, ಅದೇ ಸೌರಫಲಕದ ಪಕ್ಕದಲ್ಲಿ, ಧೂಳು ಎಣಿಸುವ ಒಂದು ಚಿಕ್ಕ ಯಂತ್ರವನ್ನೂ ಕೂರಿಸಿದರೆ? ಮೇಲಿನ ಕಂಬದ ಅಳತೆ ಉಪಗ್ರಹದಿಂದ, ಮೂಗಿನ ಮಟ್ಟದ ಅಳತೆ ಪಂಚಾಯಿತಿಯಿಂದ. ಎರಡನ್ನೂ ಕೂಡಿಸಿ, ಗಾಳಿಯ ಗೆರೆ ಎಳೆದರೆ, ಇದು ಅರೇಬಿಯಾದ ಧೂಳು, ಇದು ಗದ್ದೆಯ ಹೊಗೆ, ಇದು ಚಿಮಣಿಯದು ಎಂದು ವಿಂಗಡಿಸಿ ಹೇಳುವ ಕಾಲ ದೂರವಿಲ್ಲ. ಆ ವಿಂಗಡಣೆ ಆಗದಿದ್ದರೆ ಎಲ್ಲ ತಪ್ಪನ್ನೂ ಎಲ್ಲರೂ ಗಾಳಿಯ ಮೇಲೆ ಹಾಕುತ್ತಾರೆ.

ಕಣ್ಣುಗಳಂತೂ ಚುರುಕಾಗುತ್ತಲೇ ಇವೆ. ಅಂತರಿಕ್ಷ ನಿಲ್ದಾಣದಲ್ಲಿ 2022ರಿಂದ ಇರುವ ಎಮಿಟ್ ಉಪಕರಣ ಒಣನಾಡುಗಳ ಮಣ್ಣಿನಲ್ಲಿ ಯಾವ ಖನಿಜವಿದೆ ಎಂದು ಬಣ್ಣ ನೋಡಿಯೇ ಗುರುತಿಸುತ್ತದೆ. ಧೂಳಿನಲ್ಲಿ ಹೆಮಟೈಟ್ ಹೆಚ್ಚಿದ್ದರೆ ಅದು ಗಾಳಿಯನ್ನು ಹೆಚ್ಚು ಕಾಯಿಸುತ್ತದೆ. ನಮ್ಮ ಸಂಡೂರಿನ ಅದಿರೂ ಅದೇ ಹೆಮಟೈಟ್. ಇನ್ನು ಇಸ್ರೊ ಮತ್ತು ಫ್ರಾನ್ಸಿನ ಅಂತರಿಕ್ಷ ಸಂಸ್ಥೆ ಸೇರಿ ತೃಷ್ಣಾ ಎಂಬ ಉಪಗ್ರಹ ಸಿದ್ಧಪಡಿಸುತ್ತಿವೆ. ನೆಲದ ಕಾವು ಅಳೆಯುವುದೇ ಅದರ ಕೆಲಸ, ಚೌಕದ ಅಳತೆ 57 ಮೀಟರ್. ಇವತ್ತಿನ ವೀರ್ಸ್‌ನ 35 ಎಕರೆಯ ಚೌಕ ಅಲ್ಲಿ 32 ಗುಂಟೆಗೆ ಇಳಿಯುತ್ತದೆ. ಇರಕಲ್ಲಗಡದಲ್ಲಿ ಎರಡೆಕರೆ ಮಸಾರಿ ಇರುವ ರೈತನ ಹೊಲಕ್ಕೂ ಆಗ ಆಕಾಶದ ಚಿತ್ರದಲ್ಲಿ ಎರಡು ಚೌಕಕ್ಕಿಂತ ಹೆಚ್ಚೇ ದಕ್ಕುತ್ತವೆ.